ಒಂದೇ ಗುರಿಯ ಗಂಡಸು

ಎಲ್ಲ ರಗಳೆಗೂ ಮೂಲ ಒಂದು ಮಂಚ. ಹೊಸದಲ್ಲ, ದೊಡ್ಡದೂ ಅಲ್ಲ. ಮಡಚಿದರೆ ಬಾಗಿಲ ಹಿಂದೆ ನಿಲ್ಲುವಂಥ ಕಬ್ಬಿಣದ ಮಂಚ. ಶನಿವಾರ ಬೆಳಗ್ಗೆ ಎಂಟಕ್ಕೆ ಹೆಂಡತಿ ಅದನ್ನು ಹಿಂದಿನ ಕೋಣೆಯಲ್ಲಿ ಬಿಡಿಸಲು ಹೋದಳು. ಒಂದು ಕಾಲು ಬಿಚ್ಚಿಕೊಂಡಿತು. ಮಿಕ್ಕ ಮೂರು ಕಾಲಿಗೆ ಜಾಗವಿರಲಿಲ್ಲ.

ಜಾಗ ಎಲ್ಲಿಂದ ಬರಬೇಕು ಹೇಳಿ. ಕಿಟಕಿಗೆ ಒರಗಿ ಒಂದು ಪಿಟೀಲು. ನಟ್ಟನಡುವೆ ಕಾಲಲ್ಲಿ ತುಳಿದು ತಿರುಗಿಸುವ ಮಡಕೆಚಕ್ರ, ಅದರ ಸುತ್ತ ಹಸಿಮಣ್ಣಿನ ಬಕೆಟ್ಟುಗಳು. ಮೂರು ಕಾಲಿನ ಮೇಲೆ ನಿಂತ ದುರ್ಬೀನು. ಮೂಲೆಯಲ್ಲಿ ಎರಡು ತಳದ ಜಾದೂ ಪೆಟ್ಟಿಗೆ. ಗೋಡೆಯ ಮೇಲೊಂದು ಹಲಗೆ, ಅದರಲ್ಲಿ ಮೂವತ್ತೆರಡು ಮೊಳೆ, ಕೆಲವಕ್ಕೆ ಹಡಗಿನವರು ಹಾಕುವಂಥ ಬಗೆಬಗೆಯ ಹಗ್ಗದ ಗಂಟುಗಳು.

ಇಷ್ಟಕ್ಕೂ ಯಜಮಾನ ಬಸ್ ಕಚೇರಿಯಲ್ಲಿ ವೇಳಾಪಟ್ಟಿ ಬರೆಯುವ ಗುಮಾಸ್ತ. ಆರು ಬಸ್ಸು ನಿಲ್ಲುವ ನಿಲ್ದಾಣಕ್ಕೆ ನಲವತ್ಮೂರು ಬಸ್ಸುಗಳನ್ನು ಒಂದರ ಮೂತಿ ಇನ್ನೊಂದಕ್ಕೆ ತಾಗದಂತೆ ಕರೆತಂದು ಕಳಿಸುವುದು ಅವನ ಉದ್ಯೋಗ. ಕಟ್ಟಡದವರೆಲ್ಲ ಅವನನ್ನು ವೇಳಾಪಟ್ಟಿಯಪ್ಪ ಅಂತಲೇ ಕರೆಯುತ್ತಿದ್ದರು. ಐದು ಹುಚ್ಚುಗಳಲ್ಲಿ ಒಂದರಲ್ಲಾದರೂ ಅವನು ಪಳಗಿದವನೇ ಅಂದರೆ, ಅದೂ ಇಲ್ಲ. ಮಾಡಿದ ಹೂಜಿಯಲ್ಲಿ ನೀರು ನಿಲ್ಲುತ್ತಿರಲಿಲ್ಲ, ನುಡಿಸಿದ ರಾಗ ಕೊನೆ ಮುಟ್ಟುತ್ತಿರಲಿಲ್ಲ. ಆದರೆ ಸಂಜೆ ಆರರಿಂದ ಒಂಬತ್ತರವರೆಗೆ ಆ ಕೋಣೆಯಲ್ಲಿ ಅವನಷ್ಟು ಸುಖಿ ಇಡೀ ಊರಲ್ಲಿ ಯಾರೂ ಇರಲಿಲ್ಲ.

“ರೀ,” ಅಂದಳು ಹೆಂಡತಿ, ಮಂಚದ ಒಂಟಿ ಕಾಲು ಹಿಡಿದುಕೊಂಡೇ. “ಸಂಜೆ ಆರಕ್ಕೆ ಅಕ್ಕ ಬರ್ತಾಳೆ. ಮೂರು ತಿಂಗಳು ಇರ್ತಾಳೆ. ಎಲ್ಲಿ ಮಲಗ್ಬೇಕು, ಆ ಚಕ್ರದ ಮೇಲಾ?”

“ಸ್ವಲ್ಪ ಅತ್ತಿತ್ತ ಸರಿಸಿದ್ರೆ...”

“ಹದಿನಾಲ್ಕು ವರ್ಷದಿಂದ ಸರಿಸ್ತಾನೇ ಇದೀರಿ. ಇವತ್ತು ಸರಿಸೋದಲ್ಲ, ತೆಗೆಯೋದು. ಐದರಲ್ಲಿ ಒಂದು ಇಟ್ಕೊಳ್ಳಿ. ಒಂದೇ. ಬೀರುವಿನ ಕೆಳಗಿನ ಅರೆ ನಿಮ್ದು. ನಾನು ಲೈಬ್ರರಿ ಕೆಲಸ ಮುಗಿಸಿ ಮೂರಕ್ಕೆ ಬರ್ತೀನಿ. ಅಷ್ಟೊತ್ತಿಗೆ ಮಿಕ್ಕಿದ್ದು ಇಲ್ಲೇ ಇದ್ರೆ ಹಳೇ ಸಾಮಾನಿನ ಗಾಡಿಯವನನ್ನ ಕರೀತೀನಿ. ಅವನು ಪಿಟೀಲೋ ಸೌದೆಯೋ ಅಂತ ನೋಡೋನಲ್ಲ.”

“ಒಂದು ಅಂದ್ರೆ ಯಾವುದು ಅಂತ ಇಟ್ಕೊಳ್ಳಲೇ?”

“ಮನುಷ್ಯ ಅಂದ್ಮೇಲೆ ಬದುಕಿಗೆ ಒಂದು ಗುರಿ ಇರ್ಬೇಕು ಕಣ್ರೀ. ನಮ್ಮಕ್ಕನ್ನ ನೋಡಿ. ಮೂವತ್ತೆಂಟು ವರ್ಷ ಒಂದೇ ಆಸ್ಪತ್ರೆ, ಒಂದೇ ವಾರ್ಡು. ಅತ್ತ ಇತ್ತ ನೋಡಿದವಳಲ್ಲ.”

ಅತ್ತಿಗೆಯ ಹೆಸರೆತ್ತಿದರೆ ವೇಳಾಪಟ್ಟಿಯಪ್ಪನಿಗೆ ನಾಲಿಗೆ ಒಣಗುತ್ತಿತ್ತು. ಹೆಡ್ ನರ್ಸ್ ಆಗಿ ನಿವೃತ್ತರಾದ ಹೆಂಗಸು. ಮದುವೆಗೆ ಮುಂಚೆ ಇವನನ್ನು ನೋಡಲು ಬಂದಾಗ ಹೆಸರು ಕೇಳಿರಲಿಲ್ಲ. ನಾಲಿಗೆ ಚಾಚಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, “ನಡೆಯುತ್ತೆ” ಅಂದಿದ್ದರು ಅಷ್ಟೆ.

ಹೆಂಡತಿ ಹೋದ ಮೇಲೆ ಅವನು ಕೋಣೆಯ ನಡುವೆ ಕೂತು ಒಂದೊಂದನ್ನೇ ನೋಡಿದ. ಪಿಟೀಲು ಬಿಡಲೇ? ಎದೆ ಹಿಂಡಿತು. ದುರ್ಬೀನು? ಅಯ್ಯೋ, ಚಂದ್ರನ ಗುಳಿಗಳಿಗೆ ಹೆಸರಿಟ್ಟು ಮುಗಿದಿಲ್ಲ. ಚಕ್ರ? ಹೋದ ವಾರವಷ್ಟೇ ಒಂದು ಬಟ್ಟಲು ಬಟ್ಟಲಿನ ಹಾಗೆ ಬಂದಿದೆ. ಹತ್ತು ನಿಮಿಷ ಕಣ್ಣಲ್ಲಿ ನೀರು ತುಂಬಿಕೊಂಡು ಕೂತವನಿಗೆ ಹನ್ನೊಂದನೆಯ ನಿಮಿಷಕ್ಕೆ ನಲವತ್ಮೂರು ಬಸ್ಸುಗಳು ನೆನಪಾದವು. ಎಲ್ಲ ಬಸ್ಸೂ ಒಂದೇ ನಿಲ್ದಾಣದಲ್ಲಿ ರಾತ್ರಿ ಕಳೆಯಬೇಕು ಅಂತ ಯಾವ ಕಾನೂನಿದೆ? ಒಂದೊಂದು ಊರಲ್ಲಿ ಒಂದೊಂದು ನಿಲ್ಲುತ್ತದೆ. ಬೇಕಾದಾಗ ಹತ್ತಿದರಾಯಿತು.

ಕಟ್ಟಡದಲ್ಲಿ ನಾಲ್ಕು ನೆರೆಮನೆಗಳಿದ್ದವು. ಒಂದನ್ನು ಇಟ್ಟುಕೊಂಡರೆ ಉಳಿಯುವ ಸಾಮಾನೂ ನಾಲ್ಕು. ಒಂದೊಂದು ಮನೆಗೆ ಒಂದೊಂದು ಕೊಟ್ಟುಬಿಡುವುದು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ “ಹೇಗಿದೀರಿ” ಎಂದುಕೊಂಡು ಹೋಗಿ ಒಂದು ಗಂಟೆ ಕೈಯಾಡಿಸಿ ಬರುವುದು. ಹೆಂಡತಿಯ ಕಣ್ಣಿಗೆ ಅವನು ಒಂದೇ ಗುರಿಯ ಗಂಡಸು. ಹಾಗಾದರೆ ಅರೆಯಲ್ಲಿ ಇಟ್ಟುಕೊಳ್ಳುವುದು ಯಾವುದು? ಮಿಕ್ಕವು ಹೇಗೂ ಕೈಗೆ ಸಿಗುತ್ತವಲ್ಲ, ಎಲ್ಲಕ್ಕಿಂತ ಚಿಕ್ಕದು ಸಾಕು. ಹಗ್ಗದ ಗಂಟಿನ ಹಲಗೆಯನ್ನು ಇಳಿಸಿ ಅರೆಯೊಳಗೆ ತುರುಕಿದ. ಮೂವತ್ತೆರಡು ಗಂಟುಗಳಲ್ಲಿ ಒಂಬತ್ತು ಕಲಿತು, ಎರಡು ವರ್ಷದ ಹಿಂದೆಯೇ ಬೇಸರ ಬಂದು ಬಿಟ್ಟಿದ್ದ ವಿದ್ಯೆ ಅದು.

ಸುಮ್ಮನೆ ಕೊಟ್ಟರೆ ಯಾರು ಇಟ್ಟುಕೊಳ್ಳುತ್ತಾರೆ? ಸ್ವಲ್ಪ ಬೆಣ್ಣೆ ಹಚ್ಚಬೇಕು. ಪಿಟೀಲು ಹಿಡಿದು ನೆಲ ಅಂತಸ್ತಿನ ಹಲ್ಲಿನ ಡಾಕ್ಟರ ಬಳಿಗೆ ಇಳಿದ.

“ಡಾಕ್ಟ್ರೇ, ಒಂದು ಮಾತು. ನೋವು ಗೊತ್ತಾಗದ ಹಾಗೆ ಎಳೆಯೋ ಕೈ ನಿಮ್ದು. ಪಿಟೀಲಲ್ಲಿ ಇರೋದೂ ಅಷ್ಟೇ, ಎಳೆಯೋದು. ನೀವು ಇದಕ್ಕೇ ಹುಟ್ಟಿದವರು. ತಪ್ಪಿ ಹಲ್ಲಿಗೆ ಹೋಗಿದೀರಿ.”

ಡಾಕ್ಟರು ತಮ್ಮ ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. “ನಮ್ಮನೇಲಿ ಇದುವರೆಗೂ ಯಾರೂ ಈ ಮಾತು ಹೇಳಿರ್ಲಿಲ್ಲ,” ಅಂದರು. ಪಿಟೀಲನ್ನು ಎರಡೂ ಕೈಯಲ್ಲಿ ಇಸಿದುಕೊಂಡರು.

ಚಕ್ರವನ್ನು ಮೇಲಿನ ಮಹಡಿಯ ಟೈಲರಮ್ಮನ ಅಂಗಡಿಗೆ ಸಾಗಿಸುವಷ್ಟರಲ್ಲಿ ಅವನ ಬೆನ್ನು ಮೂರು ಕಡೆ ಲಟಕ್ ಅಂದಿತು, ಮಣ್ಣಿನ ಬಕೆಟ್ಟೊಂದು ಮೆಟ್ಟಿಲಲ್ಲಿ ಚೆಲ್ಲಿ ಅದರ ಮೇಲೆ ಅವನೇ ಜಾರಿ ಆರು ಮೆಟ್ಟಿಲು ಕೂತುಕೊಂಡೇ ಇಳಿದ. ಆದರೂ ಏದುಸಿರು ಬಿಡುತ್ತಲೇ ಹೇಳಬೇಕಾದ್ದನ್ನು ಹೇಳಿದ. “ಟೈಲರಮ್ಮ, ಮೂವತ್ತು ವರ್ಷ ಮೆಷಿನ್ ತುಳಿದ ಕಾಲು ನಿಮ್ದು. ಇಂಥ ಕಾಲು ಸಿಗೋಕೆ ಈ ಚಕ್ರ ಪುಣ್ಯ ಮಾಡಿರ್ಬೇಕು.” ಟೈಲರಮ್ಮ ಕತ್ತರಿ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಕೂತೇಬಿಟ್ಟರು.

ಎದುರು ಮನೆಯ ವಕೀಲರಿಗೆ ಜಾದೂ ಪೆಟ್ಟಿಗೆ. “ಇದ್ದದ್ದನ್ನ ಇಲ್ಲ ಅನ್ನಿಸೋದು, ಇಲ್ಲದ್ದನ್ನ ಇದೆ ಅನ್ನಿಸೋದು ನಿಮಗೇನು ಹೊಸದಾ ಸಾರ್? ವ್ಯತ್ಯಾಸ ಇಷ್ಟೇ, ಇದಕ್ಕೆ ಜನ ಚಪ್ಪಾಳೆ ಹೊಡೀತಾರೆ.” ಮೇಲುಗಡೆಯ ಒಂಟಿ ಕೋಣೆಯಲ್ಲಿದ್ದ ರಿಟೈರ್ಡ್ ಪೋಸ್ಟ್‌ಮಾಸ್ಟರಿಗೆ ದುರ್ಬೀನು. “ನಲವತ್ತು ವರ್ಷ ಜನರ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದಿದ ಕಣ್ಣು ನಿಮ್ದು. ಅದಕ್ಕೆ ಇನ್ಮುಂದೆ ಆಕಾಶವೇ ಸರಿ.” ಪೋಸ್ಟ್‌ಮಾಸ್ಟರು ಅಲ್ಲಿಯವರೆಗೆ ಕನ್ನಡಕ ಒರೆಸುವುದನ್ನೇ ದಿನದ ಮುಖ್ಯ ಕೆಲಸ ಮಾಡಿಕೊಂಡಿದ್ದರು. ಅವರು ಎದ್ದು ನಿಂತು ಕೈ ಕುಲುಕಿದರು.

ಮೂರಕ್ಕೆ ಹೆಂಡತಿ ಬಂದಾಗ ಕೋಣೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಂಚ ನಾಲ್ಕೂ ಕಾಲು ಚಾಚಿ ನಿಂತಿತ್ತು.

“ಎಲ್ಲಾ ಎಲ್ಲಿ ಹೋಯ್ತು?”

“ಕೊಟ್ಬಿಟ್ಟೆ,” ಅಂದ ವೇಳಾಪಟ್ಟಿಯಪ್ಪ. ಸುಳ್ಳೇನಲ್ಲವಲ್ಲ. “ನೀನು ಹೇಳಿದ್ದು ಸರಿ ಅನ್ನಿಸ್ತು. ಒಂದೇ ಗುರಿ. ಇನ್ಮೇಲೆ ಈ ಕೈ ಹಗ್ಗ ಬಿಟ್ಟು ಬೇರೇನೂ ಮುಟ್ಟಲ್ಲ.”

“ಹಗ್ಗದ ಗಂಟಾ?” ಅವಳು ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಅವಳ ಕಣ್ಣು ತೇವವಾಯಿತು. “ಹೋಗ್ಲಿ ಬಿಡಿ, ಯಾವುದಾದ್ರೇನು. ಒಂದನ್ನ ಹಿಡ್ಕೊಂಡ್ರಲ್ಲ. ಅಕ್ಕನಿಗೆ ಫೋನ್ ಮಾಡಿ ಹೇಳ್ತೀನಿ.”

ಅಷ್ಟರಲ್ಲಿ ಕೆಳಗಿನಿಂದ ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿಕೊಂಡಂಥ ಸದ್ದು ಬಂತು.

“ಏನದು?”

“ಡಾಕ್ಟ್ರು ಹೊಸ ಡ್ರಿಲ್ ತಂದಿದಾರೆ.”

ಮೇಲಿಂದ ದಡಬಡ ಅಂತ ಏನೋ ಉರುಳಿತು. “ಟೈಲರಮ್ಮ ದಪ್ಪ ಬಟ್ಟೆ ಹೊಲೀತಿದಾರೆ,” ಅಂದ. ಅವಳು ನಂಬಿದಳೋ ಇಲ್ಲವೋ, ಅಕ್ಕನನ್ನು ಕರೆತರುವ ಆತುರದಲ್ಲಿ ನಾಲ್ಕಕ್ಕೆ ಬಸ್ ನಿಲ್ದಾಣಕ್ಕೆ ಹೊರಟುಹೋದಳು.

ನಾಲ್ಕೂ ಐದಕ್ಕೆ ಬಾಗಿಲು ಬಡಿಯಿತು. ಬಾಯಿ ತುಂಬ ಹತ್ತಿ ಇಟ್ಟುಕೊಂಡ ಒಬ್ಬ ಗಟ್ಟಿ ಆಳು ನಿಂತಿದ್ದ. ಅವನು ಹೇಳಿದ್ದು ಒಂದಕ್ಷರವೂ ತಿಳಿಯಲಿಲ್ಲ, ಬೆರಳು ಮಾತ್ರ ಸ್ಪಷ್ಟವಾಗಿ ಕೆಳಗೆ ತೋರಿಸುತ್ತಿತ್ತು. ವೇಳಾಪಟ್ಟಿಯಪ್ಪ ಓಡಿದ. ದವಾಖಾನೆಯಲ್ಲಿ ಇನ್ನೂ ಮೂವರು ಹತ್ತಿ ಕಚ್ಚಿಕೊಂಡು ಸಾಲಾಗಿ ಕೂತಿದ್ದರು. ಡಾಕ್ಟರು ಕಣ್ಣು ಮುಚ್ಚಿ ಪಿಟೀಲು ಕುಯ್ಯುತ್ತಿದ್ದರು.

“ಡಾಕ್ಟ್ರೇ, ಇವರ ಹಲ್ಲು...”

“ಹಲ್ಲು ಎಲ್ಲೂ ಓಡಿ ಹೋಗಲ್ಲ. ಎಂಥ ಒಳ್ಳೆ ಸಭಿಕರು ನೋಡಿ. ಒಬ್ರೂ ಮಾತಾಡ್ತಿಲ್ಲ, ಒಬ್ರೂ ಎದ್ದು ಹೋಗ್ತಿಲ್ಲ.”

“ಒಂದ್ನಿಮಿಷ ಇಲ್ಲಿ ಕೊಡಿ, ಹಿಡಿಯೋದು ಹೇಗೆ ಅಂತ ತೋರಿಸ್ತೀನಿ.”

ಡಾಕ್ಟರು ಪಿಟೀಲನ್ನು ಬೆನ್ನ ಹಿಂದೆ ಸರಿಸಿದರು. “ತಪ್ಪು ತಿಳ್ಕೋಬೇಡಿ. ನಿಮಗೆ ಇದು ಐದರಲ್ಲಿ ಒಂದಾಗಿತ್ತು. ನನಗೆ ಇದು ಬದುಕಿನ ಗುರಿ. ನೀವೇ ಹೇಳಿದ್ರಿ.”

ಮೆಟ್ಟಿಲೇರುವಾಗ ಮದುವೆ ಕೋಟಿನ ಒಂದೇ ತೋಳು ತೊಟ್ಟ ಗಿರಾಕಿಯೊಬ್ಬ ಅಡ್ಡ ಸಿಕ್ಕ. ಇನ್ನೊಂದು ತೋಳು ಎಲ್ಲಿ ಅಂದರೆ, ಟೈಲರಮ್ಮ ಅದನ್ನು ನೀರಿನಲ್ಲಿ ಅದ್ದಿ ಹೂಜಿಯ ಹೊಟ್ಟೆ ಒರೆಸುತ್ತಿದ್ದರು. ಮೊಣಕೈವರೆಗೂ ಮಣ್ಣು, ಮೂಗಿನ ತುದಿಗೂ ಮಣ್ಣು. ಹದಿನೆಂಟರ ಹುಡುಗಿಯ ಹಾಗೆ ನಗುತ್ತಿದ್ದರು. “ಮುಟ್ಬೇಡಿ, ಕೆಟ್ಟೋಗುತ್ತೆ,” ಅಂತ ಇವನ ಕೈಮೇಲೆ ಒಂದೇಟು ಹಾಕಿದರು. ಆ ಹೂಜಿ ನೋಡಿ ವೇಳಾಪಟ್ಟಿಯಪ್ಪನಿಗೆ ಹೊಟ್ಟೆ ಉರಿಯಿತು. ಮೊದಲ ದಿನವೇ ಅದು ನೆಟ್ಟಗೆ ನಿಂತಿತ್ತು.

ಇಳಿದು ಬಂದರೆ ಎದುರು ಮನೆಯ ಮುಂದೆ ವಕೀಲರ ಹೆಂಡತಿ ತರಕಾರಿ ಚೀಲದ ಜೊತೆ ಮೆಟ್ಟಿಲ ಮೇಲೆ ಕೂತಿದ್ದರು. ಮನೆ ಬೀಗದ ಕೈ ಜಾದೂ ಪೆಟ್ಟಿಗೆಯೊಳಗೆ ಹೋಗಿತ್ತು. ಹೋದದ್ದು ಬಂದಿರಲಿಲ್ಲ.

“ಕಳ್ದಿದೆ ಅಂತ ನಾನು ಒಪ್ಕೊಂಡಿಲ್ಲ,” ಅಂದರು ವಕೀಲರು ಪೆಟ್ಟಿಗೆ ತಬ್ಬಿಕೊಂಡು. “ಸದ್ಯಕ್ಕೆ ಹಾಜರಿಲ್ಲ ಅಷ್ಟೆ.”

“ಮನೆ ಹಾಳು ಮಾಡೋಕೆ ಇದೊಂದು ಬಾಕಿ ಇತ್ತು,” ಅಂದರು ಆಕೆ, ವೇಳಾಪಟ್ಟಿಯಪ್ಪನ ಮುಖ ನೋಡಿ. “ನಿಮ್ಮ ಹೆಂಡ್ತಿ ಬರ್ಲಿ, ಎಲ್ಲಾ ಹೇಳ್ತೀನಿ.”

ಹೇಳಿದರೆ ಮುಗಿಯಿತು, ಕೊಟ್ಟದ್ದಲ್ಲ, ಬಚ್ಚಿಟ್ಟದ್ದು ಅಂತ ಗೊತ್ತಾಗುತ್ತದೆ. ಗಾಡಿಯವನು ಬರುತ್ತಾನೆ, ನಾಲ್ಕೂ ಮನೆಯಿಂದ ಹೇರಿಕೊಂಡು ಹೋಗುತ್ತಾನೆ. ದುರ್ಬೀನನ್ನಾದರೂ ಉಳಿಸಿಕೊಳ್ಳೋಣ ಅಂತ ಮೇಲಕ್ಕೆ ಓಡಿದ. ಪೋಸ್ಟ್‌ಮಾಸ್ಟರಿಗೆ ನಕ್ಷತ್ರ ಹುಟ್ಟುವವರೆಗೆ ಕಾಯುವ ವ್ಯವಧಾನವಿರಲಿಲ್ಲ. ದುರ್ಬೀನು ಬೀದಿಯಾಚೆಯ ಮನೆಗಳ ಕಡೆ ತಿರುಗಿತ್ತು.

“ಆ ಹಸಿರು ಬಾಗಿಲ ಮನೆಯೋರ ಕ್ಯಾಲೆಂಡರಲ್ಲಿ ಇವತ್ತು ‘ಅತ್ತೆಗೆ ಫೋನ್’ ಅಂತ ಬರೆದಿದೆ. ಮಧ್ಯಾಹ್ನದಿಂದ ನೋಡ್ತಿದೀನಿ, ಮಾಡೇ ಇಲ್ಲ. ಹೋಗಿ ನೆನಪಿಸಿ ಬಂದೆ.”

“ಏನಂದ್ರು?”

“ಬರ್ತಿದಾರೆ, ಗಂಡ ಹೆಂಡ್ತಿ ಇಬ್ರೂ. ಅವರ ಕೈಲಿ ಪೊರಕೆ ಯಾಕಿದೆ ಅಂತ ಗೊತ್ತಾಗ್ತಿಲ್ಲ. ನೀವು ಸ್ವಲ್ಪ ನೋಡಿ ಹೇಳ್ತೀರಾ? ಮುಟ್ಟದೆ ನೋಡಿ.”

ಆರು ಗಂಟೆಗೆ ಹೆಂಡತಿ ಅಕ್ಕನನ್ನು ಕರೆದುಕೊಂಡು ಬಂದಾಗ ಮೆಟ್ಟಿಲ ತುಂಬ ಜನ. ಹತ್ತಿಯವರು, ಒಂಟಿ ತೋಳಿನವನು, ಪೊರಕೆ ಹಿಡಿದ ದಂಪತಿ, ವಕೀಲರ ಹೆಂಡತಿ. ನಾಲ್ವರು ನೆರೆಯವರೂ ತಮ್ಮ ತಮ್ಮ ಸಾಮಾನನ್ನು ತಬ್ಬಿಕೊಂಡು ನಿಂತಿದ್ದರು. ಟೈಲರಮ್ಮ ಚಕ್ರ ಎತ್ತಲಾರದೆ ಹೂಜಿಯನ್ನು ತಬ್ಬಿಕೊಂಡಿದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ವೇಳಾಪಟ್ಟಿಯಪ್ಪ ಗೋಡೆಗೆ ಅಂಟಿಕೊಂಡು, ಗೋಡೆ ತನ್ನನ್ನು ಒಳಗೆ ಕರೆದುಕೊಂಡರೆ ಸಾಕು ಎಂದು ನಿಂತಿದ್ದ.

ಅತ್ತಿಗೆ ಯಾರನ್ನೂ ನೋಡದೆ ನೇರ ಹಿಂದಿನ ಕೋಣೆಗೆ ಹೋದರು. ಒಂದು ನಿಮಿಷ ಬಿಟ್ಟು ಹೊರಗೆ ಬಂದರು.

“ಏನೇ ಇದು? ಬಿಳಿ ಗೋಡೆ, ಕಬ್ಬಿಣದ ಮಂಚ. ಇದನ್ನ ನೋಡೋಕೆ ನಾನು ಅಷ್ಟು ದೂರ ಬಸ್ಸಲ್ಲಿ ಬರ್ಬೇಕಿತ್ತಾ?”

“ನಿನಗೋಸ್ಕರಾನೇ ಖಾಲಿ ಮಾಡಿದ್ದು ಅಕ್ಕ.”

“ಯಾರು ಮಾಡು ಅಂದ್ರು? ‘ಇವರ ಕೋಣೇಲಿ ಪಿಟೀಲಂತೆ, ಚಕ್ರವಂತೆ, ಜಾದೂ ಅಂತೆ’ ಅಂತ ವಾರ ವಾರ ಫೋನಲ್ಲಿ ನೀನು ಗೊಣಗ್ತಿದ್ದೆ. ನಾನು ಆ ಕಡೆ ಕೂತು ಕೇಳ್ತಾ ಇದ್ದೆ. ಮೂವತ್ತೆಂಟು ವರ್ಷ ಒಂದೇ ವಾರ್ಡು ಕಣೇ. ರಿಟೈರ್ ಆದ ದಿನ ಮನೇಗೆ ಬಂದು ಕೂತೆ, ಏನು ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಜ್ವರ ನೋಡೋಣ ಅಂದ್ರೆ ಮನೇಲಿ ಯಾರಿಗೂ ಜ್ವರ ಇಲ್ಲ. ಎಲ್ಲಾನೂ ಒಂದೊಂದು ಸಲ ಮಾಡಿ ನೋಡ್ಬೇಕು ಅಂತ ಬಂದಿದೀನಿ. ಎಲ್ಲಿದೆ ಎಲ್ಲ?”

ವೇಳಾಪಟ್ಟಿಯಪ್ಪನಿಗೆ ಅತ್ತಿಗೆಯ ಕಾಲಿಗೆ ಬೀಳಬೇಕು ಅನ್ನಿಸಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಅವನ ಪಕ್ಷಕ್ಕೆ ಒಬ್ಬರು ಸಿಕ್ಕಿದ್ದರು. “ಇಲ್ಲೇ ಇದೆ ಅತ್ತಿಗೆ, ಈ ಮೆಟ್ಟಿಲ ಮೇಲೇ ಇದೆ,” ಅಂದ.

“ನಾನು ಕೊಡಲ್ಲ,” ಅಂದರು ಡಾಕ್ಟರು. “ಇದು ನನ್ನ ಬದುಕಿನ ಗುರಿ.”

“ನಂದೂ ಅಷ್ಟೆ,” ಅಂದರು ಮಿಕ್ಕ ಮೂವರೂ.

ಅತ್ತಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. “ಒಂದೇ ಗುರಿ ಅಂದ್ರೆ ಏನು ಅಂತ ನನ್ನ ಕೇಳಿ. ಡಾಕ್ಟ್ರೇ, ನಿಜ ಹೇಳಿ, ಆ ಹೂಜಿ ಕಡೆ ಯಾಕೆ ಹಾಗೆ ನೋಡ್ತಿದೀರಿ?”

ಡಾಕ್ಟರು ನಾಚಿಕೊಂಡರು. “ಒಂದೇ ಒಂದು ಸಲ ಮಣ್ಣಿಗೆ ಕೈ ಹಾಕ್ಬೇಕು ಅನ್ನಿಸ್ತಿದೆ.” ಟೈಲರಮ್ಮ ತಮಗೆ ಚಂದ್ರನನ್ನು ನೋಡಬೇಕು ಅಂದರು. ಪೋಸ್ಟ್‌ಮಾಸ್ಟರಿಗೆ ಪೊರಕೆಯವರ ಕಣ್ಣಿಗೆ ಬೀಳದಂತೆ ಮಾಯವಾಗುವ ವಿದ್ಯೆ ತುರ್ತಾಗಿ ಬೇಕಾಗಿತ್ತು. ವಕೀಲರು ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡರು. ಅತ್ತಿಗೆ ಅವರ ಪೆಟ್ಟಿಗೆಯನ್ನು ಕಸಿದು ತಲೆಕೆಳಗೆ ಹಿಡಿದು, ಹುಟ್ಟಿದ ಕೂಸಿಗೆ ಹೊಡೆಯುವ ಹಾಗೆ ಹಿಂದೆ ಎರಡು ಬಾರಿಸಿದರು. ಬೀಗದ ಕೈ ಟಣ್ ಅಂತ ಬಿತ್ತು.

ಅಲ್ಲಿಗೆ ಜಗಳ ಮುಗಿಯಿತು. ಐದು ನಿಮಿಷದಲ್ಲಿ ಮಂಚ ಮಡಚಿಕೊಂಡು ಹಾಲ್‌ಗೆ ಹೋಯಿತು, ಎಲ್ಲ ಸಾಮಾನು ಹಿಂದಿನ ಕೋಣೆಗೆ ಬಂತು. ಚಕ್ರ ಇಳಿಸಲು ಹತ್ತಿಯವರೂ ಕೈಕೊಟ್ಟರು. ಪಿಟೀಲು ಕಿಟಕಿಗೆ ಒರಗಿದ್ದು ನೋಡಿ ವೇಳಾಪಟ್ಟಿಯಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು.

“ಈಗ ಡ್ಯೂಟಿ ಹಾಕೋಣ,” ಅಂದರು ಅತ್ತಿಗೆ. “ಒಬ್ಬೊಬ್ರಿಗೆ ಒಂದೊಂದು ಸಂಜೆ ಈ ಕೋಣೆ. ಅವತ್ತು ಏನು ಬೇಕಾದ್ರೂ ಮಾಡಿ, ಎಲ್ಲಾನೂ ಮಾಡಿ. ವೇಳಾಪಟ್ಟಿ ಬರೆಯೋದು ನಿಮ್ಮ ಕೆಲಸ ಅಲ್ವಾ? ಬರ್ಕೊಳ್ಳಿ.”

ಅವನು ಗೆರೆ ಎಳೆದು ಅಂಕಣ ಮಾಡಿ, ದುಂಡಗೆ ಬರೆದ. ಸೋಮವಾರ ಡಾಕ್ಟರು. ಮಂಗಳವಾರ ಟೈಲರಮ್ಮ. ಬುಧವಾರ ವಕೀಲರು. ಗುರುವಾರ ಪೋಸ್ಟ್‌ಮಾಸ್ಟರು. ಶುಕ್ರವಾರ, ಶನಿವಾರ ಅತ್ತಿಗೆ. ಭಾನುವಾರದ ಮುಂದೆ ಪೆನ್ನು ತಡೆಯಿತು.

“ಅತ್ತಿಗೆ, ನಂದು?”

“ನಿಮಗ್ಯಾಕೆ?” ಅತ್ತಿಗೆಯ ಧ್ವನಿ ಮೆತ್ತಗಾಯಿತು. “ಕೋಣೆ ಖಾಲಿ ಅನ್ನೋದೊಂದು ಬಿಟ್ಟು ಇವಳು ಫೋನಲ್ಲಿ ಎಲ್ಲಾ ಹೇಳಿದ್ಲು. ಎಲ್ಲ ಬಿಟ್ಟು ಒಂದೇ ಗುರಿ ಹಿಡ್ಕೊಂಡ್ರಂತೆ, ಹಗ್ಗದ ಗಂಟು. ಎಂಥ ಗಟ್ಟಿ ಮನಸ್ಸು. ನಮ್ಮಂಥ ಚಪಲದವರ ಜೊತೆ ಸೇರಿಸಿ ನಿಮ್ಮನ್ನ ಕೆಡಿಸೋ ಪಾಪ ನನಗೆ ಬೇಡ.”

ಹೆಂಡತಿ ಹೆಮ್ಮೆಯಿಂದ ಅವನ ಕಡೆ ನೋಡಿದಳು. ಅವನು ಬಾಯಿ ತೆರೆದ. ಗುರಿ ಸುಳ್ಳು ಅಂದರೆ ಬೆಳಗ್ಗಿನ ಉಪಾಯವನ್ನೆಲ್ಲ ಬಿಡಿಸಿ ಹೇಳಬೇಕು, ಅದೂ ವಕೀಲರ ಹೆಂಡತಿಯ ಎದುರಿಗೆ. ಬಾಯಿ ಮುಚ್ಚಿದ. ಆದರೂ ಆಸೆ ಬಿಡಬೇಕಲ್ಲ.

“ಅಲ್ಲ, ಭಾನುವಾರ ಸುಮ್ನೆ ಖಾಲಿ ಹೋಗುತ್ತಲ್ಲ ಅಂತ...”

“ಅಕ್ಕ,” ಅಂದಳು ಹೆಂಡತಿ. ಅವಳು ಯಾವಾಗ ಕಿಟಕಿಯ ಹತ್ತಿರ ಹೋಗಿದ್ದಳೋ, ಪಿಟೀಲಿನ ತಂತಿಯನ್ನು ಉಗುರಲ್ಲಿ ಮೆಲ್ಲಗೆ ಮೀಟುತ್ತಿದ್ದಳು. “ಆ ಭಾನುವಾರ ನನಗೆ ಹಾಕ್ತೀಯಾ? ಹದಿನಾಲ್ಕು ವರ್ಷದಿಂದ ಇದನ್ನ ಒಂದ್ಸಲ ಮುಟ್ಬೇಕು ಅಂತಿತ್ತು. ಇವರು ಬಿಟ್ರೆ ತಾನೇ? ಕೋಣೆ ತುಂಬಾ ಅವರೇ ಇರ್ತಿದ್ರು.”

ಅವನು ಅವಳ ಮುಖ ನೋಡಿದ. ಹದಿನಾಲ್ಕು ವರ್ಷ ಅವಳು ಬಾಗಿಲಲ್ಲಿ ನಿಂತು ಬೈಯುತ್ತಿದ್ದಾಳೆ ಎಂದೇ ಅವನು ಅಂದುಕೊಂಡಿದ್ದ. ಬೈಯುವುದಕ್ಕೆ ಅಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ ಅನ್ನುವುದು ಈ ಹೊತ್ತಿನವರೆಗೆ ಅವನ ತಲೆಗೆ ಹೋಗಿರಲಿಲ್ಲ.

“ಬರೀರಿ,” ಅಂದರು ಅತ್ತಿಗೆ.

ಭಾನುವಾರ, ಹೆಂಡತಿ ಎಂದು ಬರೆದ. ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ಅತ್ತಿಗೆ ಬೀರುವಿನ ಕೆಳಗಿನ ಅರೆಯಿಂದ ಹಲಗೆ ಎಳೆದು ಅವನ ಮಡಿಲಲ್ಲಿಟ್ಟು, ಗಂಟುಗಳನ್ನೂ ಖಾಲಿ ಮೊಳೆಗಳನ್ನೂ ಬೆರಳಿಟ್ಟು ಎಣಿಸಿದರು. “ಒಂಬತ್ತಾಗಿದೆ. ಇನ್ನೂ ಇಪ್ಪತ್ಮೂರಿದೆ. ಹಾಲ್‌ನಲ್ಲಿ ಕೂತು ಹತ್ತನೇದು ಶುರು ಮಾಡಿ. ದಿನಾ ಬೆಳಗ್ಗೆ ಏಳಕ್ಕೆ ಬಂದು ಎಲ್ಲಿಗೆ ಬಂತು ಅಂತ ನೋಡ್ತೀನಿ.”